ಮಡಿಕೇರಿ ಕೋಟೆಯನ್ನು ಆನೆಗಳಿಂದ ಶುರು ಮಾಡಬೇಡಿ

ಮಡಿಕೇರಿಗೆ ಬಂದವರು ಕೋಟೆಗೆ ಕೊಡುವುದು ಹೆಚ್ಚೆಂದರೆ ಹದಿನೈದು ನಿಮಿಷ. ಗಾಡಿ ನಿಲ್ಲಿಸು, ಗಾರೆ ಆನೆಗಳ ಪಕ್ಕ ನಿಂತು ಫೋಟೊ ತೆಗೆಸು, ರಾಜಾಸೀಟಿಗೆ ಹೊರಡು. ಹೀಗೆ ನೋಡಿದವರು ಊರಿಗೆ ಹೋಗಿ "ಅಲ್ಲೇನೂ ಇಲ್ಲ ಮಾರಾಯ್ರೆ, ಒಂದು ಹಳೆ ಆಫೀಸು ಇದ್ದಂಗಿದೆ" ಅಂತಾರೆ. ಬೇಜಾರಾಗುವುದು ಅದಕ್ಕೇ. ಆ ಕೋಟೆಯಲ್ಲಿ ಕೊಡಗಿನ ಸುಮಾರು ಮುನ್ನೂರೈವತ್ತು ವರ್ಷ ಒಂದರ ಮೇಲೊಂದು ಕೂತಿದೆ, ಆದರೆ ಅದು ಕಾಣಬೇಕಾದರೆ ಬಾಗಿಲಿನಿಂದ ಶುರು ಮಾಡಬೇಕು, ಗೋಡೆಯನ್ನು ನೋಡಬೇಕು, ಆನೆಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು. ಎರಡು ಗಂಟೆ ಸಾಕು.

ದಾರಿ ಇರುವುದು ಪೂರ್ವ ದಿಕ್ಕಿನಲ್ಲಿ. ಹತ್ತುವಾಗ ಒಂದು ವಿಷಯ ಗಮನಿಸಿ: ದಾರಿ ನೇರವಾಗಿ ಒಳಗೆ ನುಗ್ಗುವುದಿಲ್ಲ, ತಿರುಗಿ ತಿರುಗಿ ಹೋಗುತ್ತದೆ. ಇದು ಜಾಗ ಸಾಲದೆ ಮಾಡಿದ್ದಲ್ಲ. ಹೆಬ್ಬಾಗಿಲ ಮುಂದೆ ನೇರ ಬಯಲಿದ್ದರೆ ಆನೆಯನ್ನು ಓಡಿಸಿ ಕದಕ್ಕೆ ಗುದ್ದಿಸಬಹುದು, ದೂರದಲ್ಲಿ ಫಿರಂಗಿ ಹೂಡಿ ಕದವನ್ನೇ ಗುರಿ ಮಾಡಬಹುದು. ತಿರುವು ಇಟ್ಟರೆ ಆನೆಗೆ ಓಟ ಸಿಗದು, ಗುಂಡಿಗೆ ನೇರ ನೋಟ ಸಿಗದು. ನುಗ್ಗಿ ಬಂದವರು ತಿರುವಿನಲ್ಲಿ ಗುಂಪುಗೂಡಿ ನಿಧಾನ ಮಾಡಲೇಬೇಕು, ಆಗ ಮೇಲಿನ ಗೋಡೆಯವರಿಗೆ ಅವರ ಮೈ ಒಡ್ಡಿಕೊಂಡಿರುತ್ತದೆ. ತಿರುವಿನಲ್ಲಿ ಬದಿಗೆ ಸರಿದು ನಿಂತು (ನಡುವೆ ನಿಲ್ಲಬೇಡಿ, ವಾಹನ ಬರುತ್ತವೆ) ತಲೆಯೆತ್ತಿ ಒಮ್ಮೆ ನೋಡಿ. ಮೇಲಿನಿಂದ ಯಾರಿಗೆಲ್ಲ ನೀವು ಕಾಣುತ್ತೀರಿ ಅಂತ ಲೆಕ್ಕ ಹಾಕಿದರೆ ಬಾಗಿಲು ಕಟ್ಟಿದವನ ತಲೆ ಅರ್ಥವಾಗುತ್ತದೆ. ಬಾಗಿಲ ಬಳಿಯಲ್ಲೇ ಕೋಟೆ ಗಣಪತಿ. ಇಂದಿಗೂ ಮಡಿಕೇರಿಯವರು ಈಡುಗಾಯಿ ಒಡೆಯುವ ಜಾಗ ಅದು, ದಸರಾ ಮೆರವಣಿಗೆಯ ದಶಮಂಟಪಗಳಲ್ಲೊಂದು ಹೊರಡುವುದು ಈ ದೇವಸ್ಥಾನದ ಹೆಸರಿನಲ್ಲೇ. ಚಪ್ಪಲಿ ಬಿಟ್ಟು ಕೈ ಮುಗಿದು ಮುಂದೆ ಹೋಗಿ.

ಈಗ ಯಾರ ಕೋಟೆ ಎನ್ನುವ ಮಾತು. "ಟಿಪ್ಪು ಕೋಟೆ" ಅಂತ ಒಬ್ಬರು, "ಅಲ್ಲ, ನಮ್ಮ ಕೊಡಗನ್ನಾಳಿದ ಹಾಲೇರಿ ಅರಸರ ಕೋಟೆ" ಅಂತ ಇನ್ನೊಬ್ಬರು ಇಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ಹಾಲೇರಿಯಿಂದ ರಾಜಧಾನಿಯನ್ನು ಮಡಿಕೇರಿಗೆ ತಂದವನು ಮುದ್ದುರಾಜ, 1681ರಲ್ಲಿ. ಅವನು ಕಟ್ಟಿಸಿದ್ದು ಮಣ್ಣಿನ ಕೋಟೆ, ಒಳಗೊಂದು ಅರಮನೆ. ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ 1790ರಲ್ಲಿ ಕೋಟೆಯನ್ನು ಮರಳಿ ಪಡೆದ. ಅರಮನೆಯನ್ನು 1812ರಿಂದ 1814ರವರೆಗೆ ಹೊಸದಾಗಿ ಮಾಡಿಸಿದವನು ಅವನ ತಮ್ಮ ಲಿಂಗರಾಜೇಂದ್ರ. 1834ರ ಏಪ್ರಿಲ್ 6ರಂದು ಕರ್ನಲ್ ಫ್ರೇಸರನ ದಂಡು ಇಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಏರಿಸಿತು, ಚಿಕ್ಕ ವೀರರಾಜೇಂದ್ರನ ಆಳ್ವಿಕೆ ಅಲ್ಲಿಗೆ ಮುಗಿಯಿತು. ಜಾಗ ಒಬ್ಬರದು, ಕಲ್ಲಿನ ಗೋಡೆ ಇನ್ನೊಬ್ಬರದು, ಅರಮನೆ ಮತ್ತೊಬ್ಬರದು. ಯಾರ ಪಾಲನ್ನು ಅಳಿಸಲು ಹೋದರೂ ಕಣ್ಣೆದುರಿಗಿರುವ ಗೋಡೆ ಒಪ್ಪುವುದಿಲ್ಲ.

ಕೋಟೆಯ ಆಕಾರ ಸೊಟ್ಟ ಆರು ಮೂಲೆ. ಮೂಲೆಗೊಂದರಂತೆ ಆರು ದುಂಡು ಕೊತ್ತಲ. ದುಂಡಾಗಿಯೇ ಯಾಕೆ? ಚೌಕದ ಕೊತ್ತಲದ ಮೂಲೆಗೆ ಗುಂಡು ಬಿದ್ದರೆ ಎರಡೂ ಬದಿ ಒಟ್ಟಿಗೆ ಕಳಚುತ್ತವೆ, ದುಂಡು ಮೈಗೆ ಬಿದ್ದ ಗುಂಡು ಬಹುಮಟ್ಟಿಗೆ ಜಾರುತ್ತದೆ. ಮತ್ತೆ, ಒಂದು ಕೊತ್ತಲದಲ್ಲಿ ನಿಂತರೆ ಎರಡೂ ಪಕ್ಕದ ಗೋಡೆಯ ಬುಡ ಕಾಣಬೇಕು, ಏಣಿ ಹಾಕಲು ಬಂದವನಿಗೆ ಅಡಗುವ ಜಾಗ ಇರಬಾರದು. ಹತ್ತಲು ಬಿಟ್ಟಿರುವ ಕಡೆ ನಿಂತು ಇದನ್ನು ಪರೀಕ್ಷಿಸಬಹುದು. ಆದರೆ ಅಂಚಿಗೆ ಹೋಗಬೇಡಿ. ಮಳೆ ಮುಗಿದ ತಿಂಗಳುಗಳಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದು ಗೋಡೆ ಎಲ್ಲಿ ಮುಗಿಯಿತು ಅನ್ನುವುದೇ ತಿಳಿಯುವುದಿಲ್ಲ. ಪಾಚಿ ಹಿಡಿದ ಕಲ್ಲಿನ ಮೇಲೆ ನುಣುಪು ಅಟ್ಟೆಯ ಚಪ್ಪಲಿ ನಿಲ್ಲುವುದೂ ಇಲ್ಲ. ಮಕ್ಕಳ ಕೈ ಹಿಡಿದೇ ಇರಿ.

ಈ ಗೋಡೆಗೆ ದಿನನಿತ್ಯದ ಶತ್ರು ಫಿರಂಗಿಯಲ್ಲ, ನೀರು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಿತ್ರದುರ್ಗದ ಒಣ ಬಂಡೆಯ ಮೇಲಿನ ಕೋಟೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಇಂಥ ಗೋಡೆ ಅಂದರೆ ಎರಡು ಕಡೆ ಕಲ್ಲಿನ ಮುಖ, ನಡುವೆ ಮಣ್ಣು ಜಲ್ಲಿಯ ತುಂಬು. ಮೇಲಿನಿಂದ ಇಳಿದ ನೀರು ತುಂಬಿನೊಳಗೆ ಸೇರುತ್ತದೆ, ಅದು ಹೊರಹೋಗಲು ತೂಬುಕಂಡಿ ಬೇಕು. ಕಂಡಿ ಕಸದಿಂದ, ಬೇರಿನಿಂದ, ಇಲ್ಲವೇ ಯಾರೋ ಮೆತ್ತಿದ ಸಿಮೆಂಟಿನಿಂದ ಮುಚ್ಚಿತು ಅಂತಿಟ್ಟುಕೊಳ್ಳಿ. ಒಳಗಿನ ಮಣ್ಣು ನೆನೆದು ಉಬ್ಬಿ, ಗೋಡೆ "ಹೊಟ್ಟೆ ಬಿಡುತ್ತದೆ". ಗೋಡೆಯ ಪಕ್ಕಕ್ಕೆ ಕಣ್ಣಿಟ್ಟು ಉದ್ದಕ್ಕೆ ನೋಡಿದರೆ ಹೊಟ್ಟೆ ಬಿಟ್ಟ ಜಾಗ ಗೊತ್ತಾಗುತ್ತದೆ. ಬೀಳುವ ಮುಂಚಿನ ದೊಡ್ಡ ಸೂಚನೆ ಅದು.

ಎರಡನೆಯ ಶತ್ರು ಅರಳಿ, ಆಲದ ಸಸಿ. ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜ ಗಾರೆಯ ಸಂದಿಯಲ್ಲಿ ಮೊಳೆಯುತ್ತದೆ. ಬೆರಳು ಗಾತ್ರ ಇರುವಾಗ ಬುಡಸಮೇತ ತೆಗೆದರೆ ಕತೆ ಮುಗಿಯಿತು. ಕತ್ತಿಯಲ್ಲಿ ಮೇಲಷ್ಟೇ ಸವರಿದರೆ ಬೇರು ಒಳಗೆ ದಪ್ಪವಾಗುತ್ತಲೇ ಇರುತ್ತದೆ, ಮುಂದಿನ ವರ್ಷ ನಾಲ್ಕು ಕವಲು. ತೋಳು ಗಾತ್ರ ಆದ ಮೇಲೆ ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ.

ಮೂರನೆಯದು ಸಿಮೆಂಟು. ಇದನ್ನು ಎಷ್ಟು ಹೇಳಿದರೂ ಸಾಲದು. ಹಳೆ ಗೋಡೆ ಸುಣ್ಣದ ಗಾರೆಯದು. ಸುಣ್ಣ ನೀರನ್ನು ಹೀರಿ ಬಿಸಿಲಿಗೆ ಮತ್ತೆ ಉಸಿರಿನಂತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ಸಿಕ್ಕಿ, ಉಪ್ಪು ಕಟ್ಟಿ, ಎರಡು ಮಳೆಗಾಲದಲ್ಲಿ ಹಪ್ಪಳದಂತೆ ಏಳುತ್ತದೆ, ಏಳುವಾಗ ಹಳೆ ಇಟ್ಟಿಗೆ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬರುತ್ತದೆ. ಸರಿಯಾದ ದುರಸ್ತಿಗೆ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಬೇಕು, ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಮರಳು ಅಥವಾ ಇಟ್ಟಿಗೆ ಪುಡಿ ಸೇರಿಸಿ ಅರೆಯಬೇಕು, ಬೆಲ್ಲದ ನೀರು, ಅಳಲೆಕಾಯಿ ರಸ ಹಾಕುವ ಪದ್ಧತಿಯೂ ಇದೆ. ಬಳಿದ ಮೇಲೆ ದಿನಗಟ್ಟಲೆ ಒದ್ದೆ ಗೋಣಿ ಹೊದಿಸಬೇಕು. ಕೊಡಗಿನಲ್ಲಿ ಈ ಕೆಲಸಕ್ಕೆ ಸಿಗುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಮೇ ತಿಂಗಳಲ್ಲಿ ಶುರು ಮಾಡಿದರೆ ಸುಣ್ಣ ಗಟ್ಟಿಯಾಗುವ ಮೊದಲೇ ಮಳೆ ತೊಳೆದುಕೊಂಡು ಹೋಗುತ್ತದೆ. ಹಳೆ ಕಟ್ಟಡದ ದುರಸ್ತಿಗೆ ಹಣ ಯಾವ ತಿಂಗಳಲ್ಲಿ ಕೈಗೆ ಬರುತ್ತದೆ ಅನ್ನುವುದೂ ಅದಕ್ಕೇ ಮುಖ್ಯ.

ಅರಮನೆಯ ಕಥೆಯೂ ನೀರಿನದೇ. ಎರಡು ಅಂತಸ್ತು, ನೂರಾಹತ್ತು ಅಡಿ ಉದ್ದ, ಒಳಗೆ ತೆರೆದ ಅಂಗಳ, ಅಂಗಳದಲ್ಲಿ ಕಲ್ಲಿನ ಆಮೆ. ಮಾಡು ಹೆಂಚಿನದು. ಮಂಗಳೂರು ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಶನ್‌ನವರು ಶುರು ಮಾಡಿದ್ದೇ 1865ರಲ್ಲಿ, ಹಾಗಾಗಿ ಇವತ್ತು ಕಾಣುವ ಕೆಂಪು ಮಾಡು ಲಿಂಗರಾಜನ ಕಾಲದ್ದಲ್ಲ. ಗಾಳಿಮಳೆಗೆ ಒಂದೇ ಒಂದು ಹೆಂಚು ಜಾರಿದರೂ ನೀರು ರೀಪಿನ ಮೇಲೆ ಹರಿದು ಪಕಾಸಿಯ (ಮಾಡಿನ ಇಳಿಜಾರು ಮರದ) ತುದಿಗೆ ಬರುತ್ತದೆ, ಅಲ್ಲಿಂದ ಗೋಡೆಯ ನೆತ್ತಿಗೆ ಇಳಿಯುತ್ತದೆ. ಮರ ಕುಂಬಾಗುವುದು ಗೋಡೆಯೊಳಗೆ ಕೂತ ಆ ತುದಿಯಲ್ಲೇ, ಕೆಳಗಿನಿಂದ ನೋಡುವವರಿಗೆ ಅದು ಕಾಣದು. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹೆಂಚು ಕೈಯಾಡಿಸುವುದು ಕೊಡಗಿನ ಪ್ರತಿ ಐನ್‌ಮನೆಗೂ (ಕುಟುಂಬದ ಮೂಲ ಮನೆ) ಗೊತ್ತಿರುವ ಕೆಲಸ. ಅರಮನೆಗೂ ಬೇಕಾದ್ದು ಅದೇ, ವರ್ಷ ತಪ್ಪದೆ.

ಮುಂಭಾಗದ ಗಡಿಯಾರ ಗೋಪುರ ಮತ್ತು ಚಾಚಿಕೊಂಡ ಪೋರ್ಟಿಕೊ 1933ರವು. ಕಮಿಷನರರ ಕಾರು ಮಳೆಗೆ ಸಿಗದೆ ನಿಲ್ಲಲಿ ಅಂತ ಬ್ರಿಟಿಷರು ಸೇರಿಸಿದ್ದು. ಅದನ್ನು ಕಣ್ಣಿನಲ್ಲೇ ಕಳೆದು ನೋಡಿದರೆ ಲಿಂಗರಾಜನ ಅರಮನೆಯ ಮುಖ ಸಿಗುತ್ತದೆ.

ಈಗ ಆನೆಗಳು. ಈಶಾನ್ಯ ಮೂಲೆಯಲ್ಲಿ, ನಿಜವಾದ ಆನೆಯಷ್ಟೇ ದೊಡ್ಡ ಎರಡು. ಅರಸನಿಗೆ ದಿನವೂ ಸೊಂಡಿಲೆತ್ತಿ ನಮಿಸುತ್ತಿದ್ದ ಆನೆಗಳನ್ನು ಸಿಟ್ಟಿನಲ್ಲಿ ಕೊಲ್ಲಿಸಿ ಆಮೇಲೆ ಮರುಗಿ ಮಾಡಿಸಿದ್ದು ಎಂಬ ಕತೆ ಊರಲ್ಲಿ ನಾನಾ ರೂಪದಲ್ಲಿ ಕೇಳಿಬರುತ್ತದೆ. ಕತೆ ಕೇಳಿ, ಆದರೆ ಬೆನ್ನಿಗೆ ಮಕ್ಕಳನ್ನು ಹತ್ತಿಸಬೇಡಿ. ಇವು ಒಂದೇ ಕಲ್ಲಿನಲ್ಲಿ ಕೆತ್ತಿದವಲ್ಲ, ಕಟ್ಟಿ ಗಾರೆ ಮೆತ್ತಿದವು. ಕೂದಲೆಳೆಯ ಬಿರುಕು ಬಿಟ್ಟರೂ ಸಾಕು, ಮಳೆನೀರು ಒಳಗೆ ಇಳಿಯುತ್ತದೆ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾಗದು. ಬ್ರಿಟಿಷರ ವಿರುದ್ಧದ 1837ರ ಅಮರಸುಳ್ಯ ದಂಗೆಯ ನಂತರ, ಅದರ ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಈ ಕೋಟೆಯಲ್ಲೇ, ಜನರೆದುರಿಗೆ. ಫೋಟೊ ತೆಗೆಸಿಕೊಂಡು ಹೋಗುವ ಎಷ್ಟೋ ಜನಕ್ಕೆ ಅದು ತಿಳಿದಿರುವುದಿಲ್ಲ.

ಕೋಟೆಯೊಳಗೆ ಒಂದು ಮ್ಯೂಸಿಯಂ ಇದೆ, ಅದು ಇರುವುದು ಸೇಂಟ್ ಮಾರ್ಕ್ಸ್ ಚರ್ಚಿನ ಕಟ್ಟಡದಲ್ಲಿ. ಇಲ್ಲಿ ಮೊದಲು ಇದ್ದದ್ದು ಅರಸರ ವೀರಭದ್ರ ದೇವಸ್ಥಾನ. ಅದನ್ನು ತೆಗೆಸಿ 1855ರಲ್ಲಿ ಬ್ರಿಟಿಷರು ಚರ್ಚು ಕಟ್ಟಿಸಿದರು, ಈಗ ಅದು ರಾಜ್ಯ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಬಣ್ಣದ ಗಾಜಿನ ಕಿಟಕಿಯ ಬೆಳಕು ವೀರಗಲ್ಲಿನ ಮೇಲೆ ಬೀಳುವುದನ್ನು ಬೇರೆಲ್ಲಿ ನೋಡುತ್ತೀರಿ? ಚಿಕ್ಕ ಮ್ಯೂಸಿಯಂ, ಆದರೆ ನಲವತ್ತು ನಿಮಿಷ ಇಡಿ. ವೀರಗಲ್ಲನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳ ಪಟ್ಟಿಯಲ್ಲಿ ಕಾಳಗ: ಎದುರಾಳಿಯ ಕೈಯಲ್ಲಿ ಏನಿದೆ, ಪಕ್ಕದಲ್ಲಿ ದನಗಳಿವೆಯಾ ನೋಡಿ, ದನಗಳಿದ್ದರೆ ಅದು ತುರುಗೋಳಿನ, ಅಂದರೆ ದನ ಕದಿಯುವ ಕಾಳಗದ ಸಾವು. ನಡು ಪಟ್ಟಿಯಲ್ಲಿ ಅಪ್ಸರೆಯರು ಸತ್ತವನನ್ನು ತೋಳು ಹಿಡಿದು ಒಯ್ಯುತ್ತಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ, ಎಲ್ಲಕ್ಕಿಂತ ಮೇಲೆ ಸೂರ್ಯ ಚಂದ್ರ, ಅವು ಇರುವ ತನಕ ಹೆಸರಿರಲಿ ಅಂತ. ಬಳೆ ತೊಟ್ಟ ಒಂದು ಕೈ ಕಂಬದಿಂದ ಚಾಚಿದ್ದರೆ ಅದು ಮಾಸ್ತಿಕಲ್ಲು, ಸತಿ ಹೋದವಳ ನೆನಪಿನ ಕಲ್ಲು. ಜೈನ ಶಿಲ್ಪಗಳ ಮುಂದೆ ನಿಂತಾಗ ತಲೆಯ ಮೇಲೆ ಹಾವಿನ ಹೆಡೆ ಎಣಿಸಿ, ಏಳಿದ್ದರೆ ಪಾರ್ಶ್ವನಾಥ. ಕೊಡಗಿನಲ್ಲಿ ಜೈನರೇ ಎಂದು ಕೇಳುವವರು ಸೋಮವಾರಪೇಟೆ ಕಡೆಯ ಮುಳ್ಳೂರಿಗೆ ಹೋಗಿ 11ನೇ ಶತಮಾನದ ಕೊಂಗಾಳ್ವ ಅರಸರ ಬಸದಿಗಳನ್ನು ನೋಡಬೇಕು.

ಆಯುಧಗಳ ನಡುವೆ ಕೊಡವರ ಒಡಿಕತ್ತಿ ಕಂಡರೆ ಅದರ ಬಾಯಿ ಯಾವ ಕಡೆ ಅಂತ ನೋಡಿ. ಬಾಗಿದ ಒಳಮೈಗೆ ಹರಿತ, ಹೊರಮೈಗಲ್ಲ. ಕಾಡಿನಲ್ಲಿ ಬಳ್ಳಿ, ಕೊಂಬೆ ಎಳೆದು ಕಡಿಯುವ ಕತ್ತಿಯೇ ಕಾಳಗಕ್ಕೂ ಆಯಿತು. ಬೆನ್ನ ಹಿಂದೆ ತೋಡಂಗಿಗೆ (ಲೋಹದ ಕೊಂಡಿ) ಸಿಕ್ಕಿಸಿಕೊಳ್ಳುವುದು ಅದು. ಮುಂದೆ ಚೇಲೆಗೆ (ಸೊಂಟದ ಪಟ್ಟಿ) ಸಿಕ್ಕಿಸುವುದು ಪೀಚೆಕತ್ತಿ. ಎರಡನ್ನೂ ಒಂದೇ ಎಂದು ಬರೆದ ಪೋಸ್ಟುಗಳು ದಿನಕ್ಕೊಂದು ಕಾಣುತ್ತವೆ.

ಚಿಕ್ಕ ಮ್ಯೂಸಿಯಂಗಳಿಂದ ನಮಗೆ ಬೇಕಾಗಿರುವುದು ಹೊಸ ದೀಪವಲ್ಲ, ಹವಾನಿಯಂತ್ರಣವಲ್ಲ. ಪ್ರತಿ ಕಲ್ಲಿನ ಕೆಳಗೆ ಅದು ಯಾವ ಊರಿನ ಯಾವ ಗದ್ದೆ, ಯಾವ ತೋಟದಿಂದ ಬಂತು ಎಂಬ ಎರಡು ಸಾಲು, ಕನ್ನಡದಲ್ಲಿ. "ವೀರಗಲ್ಲು" ಅಂತ ಬರೆದರೆ ಸಾಲದು, ಅದು ಕಣ್ಣಿಗೇ ಕಾಣುತ್ತದೆ. ಊರಿನ ಹೆಸರು ಇದ್ದರೆ ಆ ಊರಿನ ಮಗು ನೋಡಲು ಬರುತ್ತದೆ.

ಹೊರಗೆ ಬಂದ ಮೇಲೆ ಒಂದು ಮಾತು. ಕೊಡಗಿನ ಕಾವಲು ಅಂದರೆ ಈ ಕೋಟೆಯಷ್ಟೇ ಅಲ್ಲ. ಬೆಟ್ಟ, ಕಾಡು, ಗದ್ದೆ ದಾಟಿ ಸಾಗುವ ಕಡಂಗಗಳು ಅದಕ್ಕಿಂತ ಹಳೆಯವು: ಆಳು ಮುಳುಗುವಷ್ಟು ಅಗೆದ ಕಂದಕ, ಅದೇ ಮಣ್ಣಿನ ಏರಿ. ಎಷ್ಟೋ ಕಡೆ ಇಂದು ಅವು ಕಾಫಿ ತೋಟದೊಳಗಿವೆ, ರಸ್ತೆಗೆ ಅಂತ ಜೆಸಿಬಿ ನುಗ್ಗಿಸಿದರೆ ಅರ್ಧ ದಿನದಲ್ಲಿ ಸಪಾಟು. ನಿಮ್ಮ ತೋಟದಲ್ಲಿ ಉದ್ದನೆಯ ಏರಿ, ಹೊಂಡ ಜೊತೆಯಾಗಿ ಹೋಗುತ್ತಿದ್ದರೆ ಮುಚ್ಚಿಸುವ ಮೊದಲು ಹಿರಿಯರನ್ನು ಕೇಳಿ.

ಹೋಗುವವರಿಗೆ: ಅಕ್ಟೋಬರ್‌ ಕೊನೆಯಿಂದ ಫೆಬ್ರವರಿ ಒಳ್ಳೆಯ ಕಾಲ, ದಸರಾದ ಕೊನೆಯ ದಿನಗಳಲ್ಲಿ ಮಾತ್ರ ಊರೊಳಗೆ ಕಾಲಿಡಲು ಜಾಗ ಇರುವುದಿಲ್ಲ. ಬೆಳಗ್ಗೆ ಹೋಗಿ, ಮಧ್ಯಾಹ್ನದ ಮೇಲೆ ಮಂಜು ಮುಚ್ಚಿದರೆ ಕೊತ್ತಲದಿಂದ ಏನೂ ಕಾಣದು. ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ಹೊರಡುವ ಮೊದಲು ಸ್ಥಳೀಯರಲ್ಲಿ ವಿಚಾರಿಸಿಕೊಳ್ಳಿ. ಗೋಡೆಯ ಮೇಲೆ ಹೆಸರು ಕೆತ್ತುವವರು ಜೊತೆಗಿದ್ದರೆ ತಡೆಯಿರಿ. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಮಯ ಉಳಿದರೆ ಗದ್ದಿಗೆಗೆ ಹೋಗಿ, ದೊಡ್ಡ ವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿ ಅಲ್ಲಿವೆ. ಇಡೀ ದಿನ ಇದ್ದರೆ ಕಕ್ಕಬ್ಬೆ ಕಡೆ ನಾಲ್ಕುನಾಡು ಅರಮನೆ. 1792ರಲ್ಲಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು, 1834ರಲ್ಲಿ ಚಿಕ್ಕ ವೀರರಾಜೇಂದ್ರ ಕೊನೆಗೆ ಅಡಗಿದ್ದು ಅಲ್ಲೇ. ಕೊನೆಯ ತುಂಡು ರಸ್ತೆ ಕಿರಿದು, ಮಿನಿಬಸ್ಸಿನವರು ತಿರುವು ನೋಡಿಕೊಂಡು ಹೋಗಿ.