ಕೋಡ್ ಅಳಿಸಿದರೆ ರಿಪೇರಿ ಆಯ್ತಾ?

ಈಗಷ್ಟೇ ಹಾಸನದಿಂದ ಮನೆಗೆ ಬಂದೆ. ಬ್ಯಾಗ್ ಕೂಡ ಬಿಚ್ಚಿಲ್ಲ, ಮೊದಲು ಇದನ್ನು ಬರೆಯುತ್ತಿದ್ದೇನೆ. ಅಷ್ಟು ಸಿಟ್ಟು ಬಂದಿದೆ.

ನನ್ನ ಹಳೇ ಪೆಟ್ರೋಲ್ ಕಾರಿನ ಗೋಳು ಇದು. ಮೂರು ತಿಂಗಳಿಂದ ಮೀಟರಿನಲ್ಲಿ ಆ ಹಳದಿ ಎಂಜಿನ್ ದೀಪ. ಲೀಟರಿಗೆ 16 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 13ಕ್ಕೆ ಇಳಿದಿತ್ತು. ಇದು ಬಾಯಿಲೆಕ್ಕ ಅಲ್ಲ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ, ಎಷ್ಟು ಕಿಲೋಮೀಟರಿಗೆ ಎಷ್ಟು ಲೀಟರ್ ಹಿಡಿಯಿತು ಅಂತ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಎರಡು ಸಲ ಸರ್ವಿಸ್‌ಗೆ ಬಿಟ್ಟೆ. ಎರಡು ಸಲವೂ ಸ್ಕ್ಯಾನರ್ ಹಾಕಿ ಕೋಡ್ ಅಳಿಸಿದರು, ಅಂದರೆ ಏನು ಕೆಟ್ಟಿದೆ ಅಂತ ಗಾಡಿಯ ಕಂಪ್ಯೂಟರ್ ಬರೆದಿಟ್ಟುಕೊಂಡ ಗುರುತು. ದೀಪ ಆರಿತು. ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್ ಅಂತ ಬಿಲ್ ಕೈಗಿಟ್ಟರು. ನಾಲ್ಕೇ ದಿನ, ದೀಪ ಮತ್ತೆ ಹಾಜರ್. ಕೋಡ್ ಏನು ಬಂದಿತ್ತು ಅಂತ ಕೇಳಿದರೆ, "ಅದೆಲ್ಲ ಟೆಕ್ನಿಕಲ್ ಮೇಡಂ, ನಿಮಗೆ ಗೊತ್ತಾಗಲ್ಲ" ಅಂದರು.

ಒಂದು ಅಕ್ಷರ, ನಾಲ್ಕು ಅಂಕಿ. ಬಿಲ್ಲಿನಲ್ಲಿ ಬರೆಯೋಕೆ ಏನು ಕಷ್ಟ?

ಇವತ್ತು ದಾರಿಯಲ್ಲಿ ಮತ್ತೆ ಹತ್ತಿತು. ಚನ್ನರಾಯಪಟ್ಟಣದಲ್ಲಿ ಒಂದು ಸಣ್ಣ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಅಲ್ಲಿನ ಹುಡುಗ ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿ, ಮೊಬೈಲನ್ನು ನನ್ನ ಕೈಗೇ ಕೊಟ್ಟ. ಪಿ0128, ಅಂದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಅನ್ನುವ ಕೋಡ್. "ನೋಡಿ ಅಕ್ಕಾ, ಎಂಜಿನ್ ಕಾದೇ ಇಲ್ಲ" ಅಂದ. ಮುಕ್ಕಾಲು ಗಂಟೆ ಓಡಿದ ಗಾಡಿಯಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ನೀರು) 61 ಡಿಗ್ರಿ! 85ರ ಆಸುಪಾಸಿನಲ್ಲಿ ಇರಬೇಕಿತ್ತು. ಸ್ವಲ್ಪ ಆರಲು ಬಿಟ್ಟು, ಪೈಪ್ ಬಿಚ್ಚಿ, ಎಂಜಿನ್ ಕಾಯುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವ್ ಕೂರುವ ಜಾಗಕ್ಕೆ ಬೆರಳು ಹಾಕಿ ತೋರಿಸಿದ. ಖಾಲಿ. ವಾಲ್ವೇ ಇಲ್ಲ.

ಏಪ್ರಿಲ್‌ನಲ್ಲಿ ಗಾಡಿ ಬಿಸಿಯಾಗುತ್ತೆ ಅಂತ ಅದೇ ಸರ್ವಿಸ್‌ನವರಿಗೆ ಕೊಟ್ಟಿದ್ದೆ. ಆಮೇಲೆ ಆ ಜಾಗವನ್ನು ಬೇರೆ ಯಾರೂ ಮುಟ್ಟಿಲ್ಲ. ನಮ್ಮ ಸೆಕೆಗೆ ಇದು ಬೇಡ ಅಂತ ವಾಲ್ವ್ ಕೀಳೋದು ಕಾರ್ಬುರೇಟರ್ ಕಾಲದ ಅಭ್ಯಾಸ. ಈಗಿನ ಗಾಡಿಯ ಕಂಪ್ಯೂಟರ್ ಎಂಜಿನ್ನಿನ ಬಿಸಿ ನೋಡಿಕೊಂಡು ಪೆಟ್ರೋಲ್ ಬಿಡುತ್ತೆ. ತಣ್ಣಗಿದ್ದರೆ ಜಾಸ್ತಿ ಬಿಡುತ್ತೆ. ಚೋಕ್ ಎಳೆದಿಟ್ಟುಕೊಂಡೇ ಸ್ಕೂಟರ್ ಓಡಿಸಿದ ಹಾಗೆ.

ಎಥೆನಾಲ್ ಪೆಟ್ರೋಲ್ ಬಂದಮೇಲೆ ಎಲ್ಲರ ಮೈಲೇಜೂ ಇಷ್ಟೇ ಅಂತ ನಮ್ಮ ಭಾವ ಹೇಳುತ್ತಲೇ ಇದ್ದರು. ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ನಿಜ. ಆದರೆ ನೂರಕ್ಕೆ 20 ಬೆರೆಸಿದರೆ 16 ಇದ್ದದ್ದು 15 ಆಗಬಹುದು. ಉಳಿದ ಎರಡು ಎಲ್ಲಿ ಹೋಯಿತು?

ಕೋಡ್ ಒಂದನ್ನೇ ನಂಬಿ ಪಾರ್ಟ್ ಬದಲಿಸಬಾರದು ಅನ್ನುವುದೂ ಸರಿ. ಪಿ0171 (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಅನ್ನುವ ಕೋಡ್) ಬಂದ ಮಾತ್ರಕ್ಕೆ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತಲ್ಲ, ಎಲ್ಲೋ ಗಾಳಿ ಲೀಕ್ ಇರಬಹುದು. ಹುಡುಕುವ ಕೆಲಸ ಅವರದ್ದೇ, ಒಪ್ಪಿದೆ. ಹುಡುಕದೆ ಅಳಿಸಿದ್ದು ಯಾಕೆ? ನನ್ನ ಗಾಡಿಯ ಕಾಯಿಲೆಯ ಹೆಸರನ್ನು ನನ್ನಿಂದಲೇ ಮುಚ್ಚಿಟ್ಟಿದ್ದು ಯಾಕೆ? ನಿಮಗೆ ಗೊತ್ತಾಗಲ್ಲ ಅಂದ ಆ ಮಾತು ಇನ್ನೂ ಚುಚ್ಚುತ್ತಿದೆ. ಅವತ್ತು ನಾನೂ ಸುಮ್ನೆ ದುಡ್ಡು ಕೊಟ್ಟು ಬಂದೆ.

ಹುಡುಗ ಹೊಸ ವಾಲ್ವ್ ತರಿಸಿ ಹಾಕಿದ. ಹಿರೀಸಾವೆ ಬರುವಷ್ಟರಲ್ಲಿ ಮೀಟರಿನಲ್ಲಿ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂದು ನಿಂತಿತು. ಎಷ್ಟು ತಿಂಗಳಾಗಿತ್ತು ಅದನ್ನು ಅಲ್ಲಿ ನೋಡಿ!

ಎರಡೂ ಬಿಲ್ ತೆಗೆದಿಟ್ಟಿದ್ದೇನೆ. ಸೋಮವಾರ ಹೋಗಿ, ನನ್ನ ವಾಲ್ವ್ ಎಲ್ಲಿ ಅಂತ ಕೇಳುತ್ತೇನೆ.