ಹಿಮ ಸೀದುಹೋದ ಕಥೆ

ನಮ್ಮ ಭಾವ ಇರೋದು ಕಾರವಾರದಲ್ಲಿ. ವರ್ಷವಿಡೀ ಬನಿಯನ್ನಿನಲ್ಲೇ ಓಡಾಡುವ ಆಸಾಮಿ, ಜನವರಿಯಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದ ಅಂದರೆ ಮುಗೀತು, ತಲೆಗೆ ಮಫ್ಲರ್, ಮೈಗೆ ಕಂಬಳಿ, ಬಚ್ಚಲ ಒಲೆಯ ಮುಂದಿನಿಂದ ಏಳುವುದೇ ಇಲ್ಲ. ಮೊನ್ನೆಯೂ ಹಾಗೇ ಕೂತು "ಎಂತಾ ಚಳಿ ಮಾರಾಯಾ" ಅಂದ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿತ್ತು, ಅಷ್ಟೇ. ನನ್ನ ಕಥೆ ಹೇಳದೆ ಇರಲು ಆಗಲಿಲ್ಲ.

ಮಗಳು, ಅಳಿಯ ಇರುವುದು ಅಮೆರಿಕದ ಕೊಲೊರಾಡೊದಲ್ಲಿ. ಹೋದ ವರ್ಷ ಫೆಬ್ರವರಿಯಲ್ಲಿ ಅಲ್ಲಿದ್ದಾಗ ಅಳಿಯ, "ಮಾವ, ಗುಡ್ಡದ ಮೇಲೆ ಒಂದು ರಾತ್ರಿ ಇದ್ದು ಬರೋಣವಾ?" ಅಂತ ಕೇಳಿದ. ಅಲ್ಲಿ ಹಿಮದಲ್ಲಿ ತಿರುಗುವವರು ಉಳಿಯಲಿ ಅಂತ ಕಾಡಿನ ಮಧ್ಯೆ ಮನೆಗಳನ್ನು ಕಟ್ಟಿಟ್ಟಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಸ್ಕೀ ಕಟ್ಟಿಕೊಂಡು ಹೋರಾಡಲು ತಯಾರಾದ 10ನೇ ಮೌಂಟನ್ ಡಿವಿಷನ್ ಎಂಬ ಪಡೆಯ ಹೆಸರಲ್ಲೇ ಅಂಥ ಮನೆಗಳ ಒಂದು ಸಾಲು ಇದೆಯಂತೆ, ಮೊದಲಿನ ಎರಡು ಎದ್ದಿದ್ದು 1982ರಲ್ಲಿ. ಸೈನಿಕರ ಹೆಸರು ಕೇಳಿದ ಕೂಡಲೇ ನಾನು ಎಚ್ಚರ ಆಗಬೇಕಿತ್ತು. ಆದರೆ "ಅಡ್ಡಿಲ್ಲೆ" ಅಂದುಬಿಟ್ಟೆ. ಈ ಒಂದು ಶಬ್ದದಿಂದ ನಮ್ಮ ಕಡೆ ಎಷ್ಟು ಜನ ಹಾಳಾಗಿದ್ದಾರೋ.

ಸ್ನೋಶೂ ಅಂದರೆ ಕಾಲಿಗೆ ಮೊರ ಕಟ್ಟಿಕೊಂಡ ಹಾಗೆ. ಕಟ್ಟಿಕೊಳ್ಳದಿದ್ದರೆ ನಾಟಿ ಗದ್ದೆಯ ಕೆಸರಿನಲ್ಲಿ ಹೂತಂತೆ ತೊಡೆಯವರೆಗೆ ಹೂತುಹೋಗುತ್ತೇವೆ. ಕಟ್ಟಿಕೊಂಡರೆ ನಮ್ಮ ಬಲಗಾಲಿನ ಮೊರವನ್ನು ನಮ್ಮದೇ ಎಡಗಾಲು ಮೆಟ್ಟುತ್ತದೆ. ನಾನು ಎಷ್ಟು ಸಲ ಬಿದ್ದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅಳಿಯನೂ ಎಣಿಸಲಿಲ್ಲ, ಸಂಸ್ಕಾರವಂತ.

ಮನೆ ಮಾತ್ರ ಲಾಯಕ್ಕಾಗಿತ್ತು. ದಿಮ್ಮಿಯ ಗೋಡೆ, ಸೋಲಾರ್ ದೀಪ, ಮಲಗಲು ಸಾಲಾಗಿ ಹಾಸಿಗೆ, ನಡುವೆ ಕಬ್ಬಿಣದ ಕಟ್ಟಿಗೆ ಒಲೆ. ಅದರ ಮೇಲೆ ಹಗ್ಗಕ್ಕೆ ನೇತುಹಾಕಿದ ಹತ್ತು ಹದಿನೈದು ಜನರ ಕಾಲುಚೀಲ (ಆ ವಾಸನೆ ಇವತ್ತಿಗೂ ಮರೆತಿಲ್ಲ). ನಲ್ಲಿ, ಬಾವಿ ಏನೂ ಇಲ್ಲ. ಹೊರಗಿನಿಂದ ಹಿಮ ತಂದು ಪಾತ್ರೆಯಲ್ಲಿ ಕರಗಿಸಿದರೆ ನೀರು. "ಒಲೆ ನನಗೆ ಬಿಡು" ಅಂದೆ ಅಳಿಯನಿಗೆ. ಅಡಿಕೆ ಸಿಪ್ಪೆ ತುಂಬಿ ಹಂಡೆ ನೀರು ಕಾಯಿಸುತ್ತಾ ಬೆಳೆದವನು ನಾನು, ನನಗೆ ಬೆಂಕಿ ಪಾಠವಾ?

ದೊಡ್ಡ ಪಾತ್ರೆಗೆ ಹಿಮ ಒತ್ತಿ ಒತ್ತಿ ತುಂಬಿದೆ. ಬೆಂಕಿ ಜೋರು ಮಾಡಿದೆ. ಸ್ವಲ್ಪ ಹೊತ್ತಿಗೆ ಸೀದ ವಾಸನೆ. ಹಿಮ ಸೀಯುತ್ತದೆ ಅಂತ ಶಿರಸಿಯಲ್ಲಿ ಹುಟ್ಟಿದವನಿಗೆ ಯಾರು ಹೇಳಿಕೊಡಬೇಕು? ತಳದಲ್ಲಿ ಕರಗಿದ ನೀರನ್ನು ಮೇಲಿನ ಹಿಮ ಬತ್ತಿಯ ಹಾಗೆ ಹೀರಿಕೊಳ್ಳುತ್ತದೆ, ತಳ ಒಣಗಿ ಸೀಯುತ್ತದೆ. ಮೊದಲು ಒಂದು ಲೋಟ ನೀರು ಹಾಕಿ ಆಮೇಲೆ ಹಿಮ ಹಾಕಬೇಕಂತೆ, ಹೆಪ್ಪು ಹಾಕಿದ ಹಾಗೆ. ಅಷ್ಟು ಮಾಡಿದರೂ ಬಕೆಟ್ ತುಂಬ ಹಿಮ ಕರಗಿ ಸಿಕ್ಕಿದ್ದು ಎರಡು ಲೋಟ ನೀರು. ಉಳಿದದ್ದೆಲ್ಲ ಗಾಳಿ.

ಆ ನೀರಿನಲ್ಲಿ ಕುಚ್ಚಲಕ್ಕಿ ಗಂಜಿ ಮಾಡಲು ಹೊರಟೆ. 11,000 ಅಡಿ ಎತ್ತರದಲ್ಲಿ ನೀರು ಸುಮಾರು 89 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಭಾರ ಅಂತ ಬಿಟ್ಟು ಬಂದಿದ್ದೆವು. ಒಂದೂವರೆ ಗಂಟೆ ಕೊತಕೊತ ಕುದಿದರೂ ಅಕ್ಕಿ ನನ್ನ ಮುಖ ನೋಡುತ್ತಾ ಹಾಗೇ ಕೂತಿತ್ತು. ಕೊನೆಗೆ ಅಪ್ಪೆಮಿಡಿ ನೆಂಚಿಕೊಂಡು ತಿಳಿ ಕುಡಿದೆವು. ಎತ್ತರದಲ್ಲಿ ತಲೆ ಸುತ್ತಬಾರದು ಅಂದರೆ ನೀರು ಜಾಸ್ತಿ ಕುಡಿಯಬೇಕು ಅಂತ ಅಳಿಯ ಬೇರೆ ಒತ್ತಾಯ ಮಾಡಿದ. ಸೀದ ನೀರು, ಗಂಜಿ ತಿಳಿ, ಮೇಲಿಂದ ಚಹಾ. ಕುಡಿದೆ, ಕುಡಿದೆ.

ರಾತ್ರಿ ಎರಡು ಗಂಟೆಗೆ ಅದು ಲೆಕ್ಕ ಕೇಳಿತು.

ಪಾಯಖಾನೆ ಹೊರಗೆ. ಹೊರಗೆ ಮೈನಸ್ 18. ನಾನು ಸ್ಲೀಪಿಂಗ್ ಬ್ಯಾಗಿನ ಒಳಗೆ, ಅಡಿಕೆ ಮೂಟೆಯ ಹಾಗೆ. ಜಿಪ್ಪು ಎಳೆದರೆ ಬರುವುದಿಲ್ಲ. ರೂಢಿ ಬಿಡಲಾರದೆ ಥರ್ಮಲ್ ಪ್ಯಾಂಟಿನ ಮೇಲೆ ಲುಂಗಿ ಸುತ್ತಿಕೊಂಡಿದ್ದೆ, ಅದರ ಅಂಚು ಜಿಪ್ಪಿನ ಹಲ್ಲಿಗೆ ಸಿಕ್ಕಿತ್ತು. ಎಳೆದಷ್ಟೂ ಬಿಗಿ. ಅಳಿಯನನ್ನು ಎಬ್ಬಿಸಲು ಮರ್ಯಾದೆ ಅಡ್ಡ ಬಂತು. ಬೇರೆ ದಾರಿ ಇಲ್ಲದೆ ಎದ್ದು ನಿಂತು, ಶಾಲೆಯ ಗೋಣಿಚೀಲದ ಓಟದಲ್ಲಿ ಕುಪ್ಪಳಿಸುತ್ತಿದ್ದೆವಲ್ಲ, ಹಾಗೆ ಕುಪ್ಪಳಿಸುತ್ತಾ ಬಾಗಿಲಿನ ಕಡೆ ಹೊರಟೆ. ಮೂರನೇ ನೆಗೆತಕ್ಕೆ ಯಾರದೋ ಸ್ಕೀ ಕೋಲಿಗೆ ತಾಗಿತು, ಆ ಕೋಲು ಪಾತ್ರೆಗಳ ಮೇಲೆ ಬಿತ್ತು, ಹನ್ನೆರಡು ತಲೆಗಳಿಂದ ಹನ್ನೆರಡು ಟಾರ್ಚು ನನ್ನ ಮೇಲೆ ಹೊತ್ತಿಕೊಂಡವು. ಬಿಳಿ ಗಡ್ಡದ ಅಜ್ಜನೊಬ್ಬ ಎದ್ದು ಬಂದು, ಒಂದು ಮಾತೂ ಆಡದೆ, ಜಿಪ್ಪಿನ ಹಲ್ಲಿನಿಂದ ಲುಂಗಿಯ ನೂಲು ಬಿಡಿಸಿ ಎಳೆದುಕೊಟ್ಟ. ನಾನು ಗಡಿಬಿಡಿಯಲ್ಲಿ ಕನ್ನಡದಲ್ಲೇ "ಉಪಕಾರ ಆಯ್ತು" ಅಂದೆ, ಅವನು ತಲೆ ಆಡಿಸಿದ.

ಇಷ್ಟೆಲ್ಲ ಹೇಳಿ ಮುಗಿಸಿದಾಗ ಭಾವ ಬಚ್ಚಲ ಒಲೆಗೆ ಇನ್ನೊಂದು ಸೋಗೆ ತುಣುಕು ನೂಕಿದ. ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದ:

"ಮನೆಯಿಂದ ಪಾಯಖಾನೆಗೆ ಎಷ್ಟು ದೂರ?"

"ಒಂದು ಮೂವತ್ತು ಹೆಜ್ಜೆ."

"ಹಂಗಾರೆ ನಮ್ಮ ಅಜ್ಜನಮನೆಗಿಂತ ಹತ್ರಾನೇ ಆತಲಾ" ಅಂದ, ಕಂಬಳಿ ಎಳೆದುಕೊಂಡ.