ಶಾಕ್ಸ್ ಬದಲಿಸುವ ಮುಂಚೆ ಲಿಂಕ್ ರಾಡ್ ನೋಡಿ

ಮುಂದಿನ ಚಕ್ರದ ಕಡೆಯಿಂದ ಕಟಕಟ ಸದ್ದು ಬಂತು ಅಂದರೆ ಎಷ್ಟೋ ಗ್ಯಾರೇಜುಗಳಲ್ಲಿ ಮೊದಲು ಕೇಳಿಬರುವ ಮಾತು, "ಶಾಕ್ಸ್ ಹೋಗಿದೆ ಸಾರ್". ಎರಡೂ ಶಾಕ್ ಅಬ್ಸಾರ್ಬರ್ ಬದಲಾಗುತ್ತವೆ, ಸಾವಿರಗಟ್ಟಲೆ ದುಡ್ಡು ಹೋಗುತ್ತದೆ, ಸದ್ದು ಮಾತ್ರ ಹಾಗೇ ಉಳಿಯುತ್ತದೆ. ಸವೆದ ಶಾಕ್ ಸಾಮಾನ್ಯವಾಗಿ ಗಾಡಿಯನ್ನು ಕುಣಿಸುತ್ತದೆ, ಕುಟ್ಟುವುದು ಕಡಿಮೆ. ಕುಟ್ಟುವ ಸದ್ದು ಬರಬೇಕಾದರೆ ಎಲ್ಲೋ ಒಂದು ಕಡೆ ಆಟ, ಅಂದರೆ ಸಡಿಲವಾದ ಅಲುಗಾಟ, ಇರಲೇಬೇಕು. ಆ ಆಟವನ್ನು ಕೈಯಿಂದ ಮುಟ್ಟಿ ನೋಡುವವರೆಗೆ ಯಾವ ಬಿಡಿಭಾಗಕ್ಕೂ ದುಡ್ಡು ಕೊಡಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸ್ವಿಫ್ಟ್, ಐ20, ಟಿಯಾಗೊ ಥರದ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್ ಮತ್ತು ಸ್ಪ್ರಿಂಗ್ ಒಂದೇ ಕಂಬವಾಗಿ ಸೇರಿದ ಜೋಡಣೆ) ಇರುವ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಡಿಕ್ಕಿ ಖಾಲಿ ಮಾಡಿ. ಜಾಕ್, ಸ್ಪಾನರ್, ಪಾರ್ಸೆಲ್ ಟ್ರೇ ಎಲ್ಲ ಹೊರಗೆ ತೆಗೆದು, ಸ್ಟೆಪ್ನಿಯ ನಟ್ ಬಿಗಿ ಮಾಡಿ. ಹಿಂದಿನ ಸಸ್ಪೆನ್ಷನ್ ಸದ್ದು ಅಂದುಕೊಂಡದ್ದು ಇಲ್ಲೇ ನಿಂತುಹೋಗುವುದುಂಟು.

ಆಮೇಲೆ ರಸ್ತೆಯಲ್ಲೇ ಎರಡು ಪರೀಕ್ಷೆ. ರಸ್ತೆ ಅಗಲಕ್ಕೂ ಇರುವ ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತುವಂತೆ ನೇರವಾಗಿ, ನಿಧಾನಕ್ಕೆ ಹೋಗಿ. ನಂತರ ಕಿತ್ತುಹೋದ ರಸ್ತೆಯಲ್ಲಿ, ಒಂದು ಸಲ ಎಡ ಚಕ್ರ ಒಂದು ಸಲ ಬಲ ಚಕ್ರ ಗುಂಡಿಗೆ ಬೀಳುವ ಕಡೆ, 15-20 ಕಿಲೋಮೀಟರ್ ವೇಗದಲ್ಲಿ ಓಡಿಸಿ. ಆ್ಯಂಟಿ ರೋಲ್ ಬಾರ್ (ಎಡಬಲ ಚಕ್ರಗಳ ನಡುವೆ ಇದ್ದು, ಗಾಡಿ ಹೆಚ್ಚು ವಾಲದಂತೆ ತಡೆಯುವ ಸಲಾಕೆ) ತಿರುಚುವುದು ಎರಡು ಚಕ್ರ ಬೇರೆಬೇರೆಯಾಗಿ ಏರಿಳಿದಾಗ ಮಾತ್ರ. ಹಾಗಾಗಿ ಹಂಪ್ ಮೇಲೆ ಸದ್ದಿಲ್ಲದೆ, ಕಿತ್ತ ರಸ್ತೆಯಲ್ಲಿ ಮಾತ್ರ ಕಟಕಟ ಅಂದರೆ ಮೊದಲ ಅನುಮಾನ ಆ ಬಾರ್ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಸರಳಾದ ಲಿಂಕ್ ರಾಡ್ ಮೇಲೆ, ಎರಡನೆಯದು ಆ ಬಾರ್‌ನ ಬುಷ್ (ರಬ್ಬರ್ ಮೆತ್ತೆ) ಮೇಲೆ. ಹಂಪ್ ಮೇಲೂ 'ದಡ್' ಅಂದರೆ ಸ್ಟ್ರಟ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿ ಬಾಡಿಗೆ ಕೂರುವ ಜಾಗ), ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಕಡೆ ನೋಡಬೇಕು. ಅದೇ ಕಿತ್ತ ರಸ್ತೆಯಲ್ಲಿ ಬ್ರೇಕ್ ಮೇಲೆ ಕಾಲನ್ನು ಹಗುರಾಗಿ ಇಟ್ಟಾಗ ಸದ್ದು ನಿಂತರೆ ಅದು ಹೆಚ್ಚಾಗಿ ಸಸ್ಪೆನ್ಷನ್‌ದಲ್ಲ. ಬ್ರೇಕ್ ಪ್ಯಾಡಿನ ಕ್ಲಿಪ್ಪೋ, ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿನ್ನೋ ಸಡಿಲವಾಗಿರುತ್ತದೆ.

ಲಿಂಕ್ ರಾಡ್ ನೋಡುವಾಗ ಬಹಳ ಮಂದಿ ಎಡವುವುದು ಒಂದೇ ಕಡೆ. ಒಂದು ಬದಿಗೆ ಮಾತ್ರ ಜಾಕ್ ಹಾಕಿ ಚಕ್ರ ಎತ್ತಿದರೆ ಬಾರ್ ತಿರುಚಿ ಲಿಂಕ್ ಬಿಗಿಯಾಗಿ ನಿಲ್ಲುತ್ತದೆ, ಸವೆದ ಜಾಯಿಂಟ್ ಕೂಡ ಗಟ್ಟಿ ಇದ್ದಂತೆ ಕಾಣುತ್ತದೆ. ಎರಡೂ ಚಕ್ರ ನೆಲದ ಮೇಲಿರಲಿ, ಇಲ್ಲವೇ ಎರಡೂ ಮೇಲಿರಲಿ. ಗ್ಯಾರೇಜಿನ ಪಿಟ್ (ಕೆಳಗಿಳಿದು ನೋಡುವ ಗುಂಡಿ) ಮೇಲೆ ಗಾಡಿ ನಿಲ್ಲಿಸಿ, ಜಾಯಿಂಟ್ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಗಾಡಿಯನ್ನು ಅಕ್ಕಪಕ್ಕಕ್ಕೆ ಜೋರಾಗಿ ತೂಗಿಸಿ. ಸವೆದಿದ್ದರೆ 'ಟಕ್' ಅನ್ನುವುದು ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಆದರೂ ಅನುಮಾನ ಉಳಿದರೆ ಎರಡೂ ಲಿಂಕ್ ಬಿಚ್ಚಿ, ಬಾರ್‌ನ ತುದಿಗಳು ಎಲ್ಲೂ ತಗಲದ ಹಾಗೆ ತಂತಿಯಿಂದ ಭದ್ರವಾಗಿ ಕಟ್ಟಿ, ಟ್ರಾಫಿಕ್ ಇಲ್ಲದ ಕಡೆ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ. ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ, ಜಾಗ್ರತೆ. ಸದ್ದು ನಿಂತಿತೋ, ಲಿಂಕ್ ಅಥವಾ ಬಾರ್ ಬುಷ್, ಅಲ್ಲಿಗೆ ಮುಗಿಯಿತು.

ಬಾಲ್ ಜಾಯಿಂಟ್‌ಗೆ ಮಾತ್ರ ಉದಾಸೀನ ಬೇಡ. ಲೋಯರ್ ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಈ ಕೀಲು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು (ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಕೈಯೂ ಹಾಕಬೇಡಿ), ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಆಟ ನಿಂತರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್. ಎಡಬಲ ಹಿಡಿದಾಗ ಮಾತ್ರ ಆಟ ಇದ್ದರೆ ಸ್ಟೀರಿಂಗ್ ಕಡೆಯ ಕೀಲುಗಳಾದ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್.

ಶಾಕ್ಸ್ ಬದಲಿಸಿದ ಮೇಲೆ ಹೊಸದಾಗಿ ಸದ್ದು ಶುರುವಾಗಿದ್ದರೆ ಬಾನೆಟ್ ತೆಗೆದು ಸ್ಟ್ರಟ್‌ನ ಮೇಲಿನ ನಟ್ ನೋಡಿ. ಇಂಪ್ಯಾಕ್ಟ್ ಗನ್ ಹಿಡಿದಾಗ ನಟ್ ಜೊತೆ ಒಳಗಿನ ರಾಡೂ ಸುತ್ತುತ್ತದೆ, ಬಿಗಿಯಾಯಿತು ಅಂತ ಬಿಟ್ಟಿರುತ್ತಾರೆ. ವಾಷರ್ ತಿರುಗುಮುರುಗಾಗಿ ಕೂತಿರುವುದೂ ಉಂಟು. ಗಾಡಿ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ 'ಟಣ್' ಅಂತ ಜಿಗಿದರೆ ಮೌಂಟ್ ಬೇರಿಂಗ್ ಹಿಡಿದುಕೊಂಡಿದೆ.

ಇನ್ನು ಲೋಯರ್ ಆರ್ಮ್ ಬುಷ್. ಬ್ರೇಕ್ ಹಿಡಿದಾಗ ಒಂದೇ ಒಂದು ಸಲ 'ದಡ್', ರಿವರ್ಸ್‌ನಲ್ಲಿ ಬ್ರೇಕ್ ಹಿಡಿದಾಗ ಮತ್ತೆ 'ದಡ್' ಅಂದರೆ ಇದನ್ನೇ ನೋಡಬೇಕು. ರಾಡ್ ಹಾಕಿ ಮೀಟಿದರೆ ಹರಿದ ರಬ್ಬರ್ ಬಾಯಿ ಬಿಡುತ್ತದೆ. ಆದರೆ ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುವುದೇಕೆ? ಎಷ್ಟೋ ಸಲ ತಪ್ಪು ಬುಷ್‌ದಲ್ಲ, ಬಿಗಿದವರದು. ಬುಷ್ ಮಧ್ಯದ ಕಬ್ಬಿಣದ ಕೊಳವೆಗೆ ರಬ್ಬರ್ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಕೊಳವೆ ಅಲ್ಲೇ ಕಚ್ಚಿ ನಿಲ್ಲುತ್ತದೆ, ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚುವುದು ರಬ್ಬರ್ ಮಾತ್ರ. ಚಕ್ರ ಜೋತುಬಿದ್ದಿರುವಾಗಲೇ ಬಿಗಿದುಬಿಟ್ಟರೆ ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಪ್ರತಿ ಗುಂಡಿಗೂ ಇನ್ನಷ್ಟು ಹರಿಯುತ್ತದೆ. ಬೋಲ್ಟನ್ನು ಕೈಬಿಗಿ ಮಾಡಿ, ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು, ನಾಲ್ಕು ಸಲ ಒತ್ತಿ ಕೂರಿಸಿ, ಆಮೇಲೆ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಯಬೇಕು. ಪಿಟ್ ಇಲ್ಲದಿದ್ದರೆ ಆರ್ಮ್‌ನ ಹೊರತುದಿಗೆ ಜಾಕ್ ಕೊಟ್ಟು, ಬಾಡಿ ಸ್ಟ್ಯಾಂಡ್‌ನಿಂದ ಏಳತೊಡಗುವವರೆಗೆ ಎತ್ತಿ ಬಿಗಿದರೂ ಆಗುತ್ತದೆ. ಐದು ನಿಮಿಷದ ಕೆಲಸ, ಇದನ್ನು ಬಿಟ್ಟು ಗಾಡಿ ಕೊಡುವುದು ಗಿರಾಕಿಗೆ ಮಾಡುವ ಅನ್ಯಾಯ. ಆರ್ಮ್, ಸ್ಟ್ರಟ್, ಟೈ ರಾಡ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಬೇಕೇ ಬೇಕು. ಬರೀ ಲಿಂಕ್ ರಾಡ್ ಬದಲಿಸಿದ್ದಕ್ಕೆ ಬೇಡ, ಯಾರಾದರೂ ಕೇಳಿದರೆ ಒಪ್ಪಬೇಡಿ.

ಗ್ಯಾರೇಜಿಗೆ ಬಿಡುವಾಗ ಜಾಬ್ ಕಾರ್ಡ್‌ನಲ್ಲಿ 'ಸಸ್ಪೆನ್ಷನ್ ನಾಯ್ಸ್' ಅಂತ ಬರೆಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಎಡಗಡೆ ಮುಂದೆ, 15 ಕಿಲೋಮೀಟರ್ ವೇಗದಲ್ಲಿ, ಕಿತ್ತ ರಸ್ತೆಯಲ್ಲಿ ಮಾತ್ರ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ' ಎಂದು ಬರೆಸಿ. ಟ್ರಯಲ್‌ಗೆ ಹೋಗುವಾಗ ಮೆಕ್ಯಾನಿಕ್ ಪಕ್ಕದಲ್ಲಿ ನೀವೂ ಕೂರಿ, ಸದ್ದು ಬರುವ ರಸ್ತೆಗೇ ಕರೆದುಕೊಂಡು ಹೋಗಿ, ಪಾರ್ಟ್ ತರಿಸುವ ಮುಂಚೆ ಆ ಆಟವನ್ನು ನಿಮ್ಮ ಕೈಗೂ ತೋರಿಸಲು ಹೇಳಿ.